ಕಾಯಕವೂ ಮಾರ್ಪಾಟೂ

ತರ್ಕಶಾಸ್ತ್ರವನ್ನು ಓದತೊಡಗಿದ ವಿದ್ಯಾರ್ಥಿಗೆ ಮೊಟ್ಟಮೊದಲು ಎದುರಾಗುವ ವಸ್ತು ಘಟ, ಅರ್ಥಾತ್ ಮಡಕೆ. ಕಾರಣವೆಂದರೇನು, ಕಾರ್ಯವೆಂದರೇನು ಎಂಬ ವಿಚಾರವನ್ನು ಪ್ರಾಚೀನ ನೈಯಾಯಿಕರು ಕುಂಬಾರನ ಅಂಗಳದಲ್ಲಿ ನಿಂತೇ ಬಿಡಿಸಿ ಹೇಳಿದ್ದಾರೆ. ಮಡಕೆಯ ಹೋಳುಗಳು, ಸ್ಥೂಲವಾಗಿ ಹೇಳುವುದಾದರೆ ಮಣ್ಣು, ಅದರ ಸಮವಾಯಿಕಾರಣ. ಆ ಹೋಳುಗಳ ಸಂಯೋಗವು ಅಸಮವಾಯಿಕಾರಣ. ಕುಂಬಾರ, ತಿಗರಿ, ತಿಗರಿಯನ್ನು ತಿರುಗಿಸುವ ಕೋಲು ಇವು ನಿಮಿತ್ತಕಾರಣಗಳು. ಇಷ್ಟು ಹೇಳಿದ ಮೇಲೆ ಅವರು ಇನ್ನೊಂದು ಪ್ರಶ್ನೆಯನ್ನು ಎತ್ತುತ್ತಾರೆ. ಮಡಕೆ ಹುಟ್ಟುವ ಮೊದಲು ಇದ್ದುದೆಲ್ಲವೂ ಮಡಕೆಗೆ ಕಾರಣವೇ? ಮಣ್ಣನ್ನು ಹೊತ್ತು ತಂದ ಕತ್ತೆಯೂ ಮೊದಲೇ ಇತ್ತು. ಕೋಲಿಗೆ ಒಂದು ಬಣ್ಣವೂ ಇತ್ತು. ಕುಂಬಾರನಿಗೆ ಒಬ್ಬ ತಂದೆಯೂ ಇದ್ದನು. ಆದರೂ ಇವು ಕಾರಣಗಳಲ್ಲವೆಂದು ಶಾಸ್ತ್ರದ ನಿರ್ಣಯ. ಇವುಗಳಿಗೆ ‘ಅನ್ಯಥಾಸಿದ್ಧ’ಗಳೆಂದು ಹೆಸರು. 17ನೆಯ ಶತಮಾನದ ವಿಶ್ವನಾಥ ಪಂಚಾನನರು ತಮ್ಮ ‘ಭಾಷಾಪರಿಚ್ಛೇದ’ದಲ್ಲಿ ಇಂಥ ಐದು ಬಗೆಗಳನ್ನು ಎಣಿಸಿದ್ದಾರೆ, ಕತ್ತೆಯೂ ಕುಂಬಾರನ ತಂದೆಯೂ ಆ ಎಣಿಕೆಯಲ್ಲಿ ಸೇರಿದ್ದಾರೆ. ಕತ್ತೆಯ ಬದಲು ಬಂಡಿಯು ಮಣ್ಣನ್ನು ತಂದಿದ್ದರೂ ಮಡಕೆ ಆಗಿಯೇ ಆಗುತ್ತಿತ್ತು.

ಇದು ಕೇವಲ ಪಾಠಶಾಲೆಯ ಹುಡುಗರ ಬುದ್ಧಿಗೆ ಸಾಣೆ ಹಿಡಿಯುವ ಮಾತೆಂದು ತಿಳಿಯಬಾರದು. ಸಂಸಾರದಲ್ಲಿದ್ದು ಕಾಯಕವನ್ನು ನಡೆಸುವ ಪ್ರತಿಯೊಬ್ಬ ಗೃಹಸ್ಥನಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಅಜ್ಜನು ಗಾಣ ಹೂಡಿ ಎಣ್ಣೆ ತೆಗೆಯುತ್ತಿದ್ದನು. ಮೊಮ್ಮಗನು ಯಂತ್ರವನ್ನು ತರಬೇಕೆನ್ನುತ್ತಾನೆ. ತಂದೆಯು ಕೈಮಗ್ಗದ ಮುಂದೆ ಕುಳಿತು ಬಾಳನ್ನು ಸವೆಸಿದನು. ಮಗನು ವಿದ್ಯುತ್ ಮಗ್ಗದ ಮಾತೆತ್ತುತ್ತಾನೆ. ಆಗ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಹಿರಿಯರದನ್ನು ಕೂದಲೆಳೆಯಷ್ಟೂ ಕದಲಿಸಬಾರದೆಂಬುದು ಒಂದು ಪಕ್ಷ. ಹಳೆಯದೆಲ್ಲವೂ ಹೊರೆ, ಅದನ್ನು ಇಳಿಸಿದ ಹೊರತು ಏಳಿಗೆಯಿಲ್ಲವೆಂಬುದು ಇನ್ನೊಂದು ಪಕ್ಷ. ಮೊದಲನೆಯವರು ಕತ್ತೆಯನ್ನೂ ಕಾರಣವೆಂದು ಭ್ರಮಿಸುತ್ತಾರೆ. ಎರಡನೆಯವರು ಕಾರಣವನ್ನೂ ಕತ್ತೆಯೆಂದು ಅಟ್ಟಿಬಿಡುತ್ತಾರೆ. ಕಾಯಕದಲ್ಲಿ ಯಾವುದು ಕಾರಣ, ಯಾವುದು ಅನ್ಯಥಾಸಿದ್ಧ ಎಂಬ ವಿವೇಕವು ಇಬ್ಬರಿಗೂ ಬೇಕಾಗಿದೆ.

ಈ ವಿವೇಕಕ್ಕೆ ಒಂದು ನಿದರ್ಶನವು ದೂರದೇಶದ ಕುಂಬಾರಿಕೆಯ ಚರಿತ್ರೆಯಲ್ಲಿ ದೊರೆಯುತ್ತದೆ. ಮಣ್ಣಿನ ಕಾಯಕಕ್ಕೆ ದೇಶದ ಎಲ್ಲೆಯಿಲ್ಲ. ಭಲ್ಲುಕೆಯ ಕುಂಬಾರ ಗುಂಡಯ್ಯನು ಮಡಕೆಯನ್ನು ತಟ್ಟುವ ನಾದಕ್ಕೆ ಶಿವನೇ ಒಲಿದು ಕುಣಿದನೆಂದು ಹರಿಹರ ಮಹಾಕವಿಯು ರಗಳೆಯಲ್ಲಿ ವರ್ಣಿಸಿದ ಕಥೆಯನ್ನು ಕೇಳಿ ಬೆಳೆದವರು, ಸಮುದ್ರದಾಚೆಯ ತಿಗರಿಯ ಸದ್ದಿಗೂ ಕಿವಿಗೊಡುವುದು ಸಹಜವೇ ಆಗಿದೆ.

ಇಂಗ್ಲೆಂಡಿನ ನೈಋತ್ಯದ ಕೊನೆಯಲ್ಲಿ ಕಾರ್ನ್‌ವಾಲ್ ಎಂಬ ಪ್ರಾಂತವಿದೆ. ಕಡಲಗಾಳಿ ಸದಾ ಬೀಸುವ, ಮರಗಳು ವಿರಳವಾದ ಆ ನಾಡಿನ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿನಲ್ಲಿ 1920ರಲ್ಲಿ ಬರ್ನಾರ್ಡ್ ಲೀಚ್ ಎಂಬವರು ಒಂದು ಕುಂಬಾರಶಾಲೆಯನ್ನು ಕಟ್ಟಿದರು. ಲೀಚರು 1887ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದವರು. ಯೌವನದಲ್ಲಿ ಜಪಾನಿಗೆ ಹೋಗಿ, ಅಲ್ಲಿಯ ಗುರುವಿನ ಬಳಿಯಲ್ಲಿ ಮಣ್ಣಿನ ವಿದ್ಯೆಯನ್ನು ಕಲಿತವರು. ಅವರೊಡನೆ ಹಮಾದ ಶೋಜಿ ಎಂಬ ಜಪಾನಿನ ತರುಣ ಕುಂಬಾರರೂ ಬಂದು ಮೂರು ವರ್ಷಗಳಿಗೂ ಮಿಕ್ಕಿ ಅಲ್ಲಿ ದುಡಿದರು. ಇಬ್ಬರೂ ಸೇರಿ ಜಪಾನಿನ ಕ್ರಮದಂತೆ ಇಳಿಜಾರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಆವಿಗೆಯನ್ನು ಕಟ್ಟಿದರು. ಕೆಳಗಿನ ಕೋಣೆಯಲ್ಲಿ ಬೆಂದ ಬೆಂಕಿಯ ಕಾವು ವ್ಯರ್ಥವಾಗದೆ ಮೇಲಿನ ಕೋಣೆಗೆ ಏರಿ, ಅಲ್ಲಿಯ ಪಾತ್ರೆಗಳನ್ನೂ ಕಾಯಿಸುವುದು ಇದರ ವಿಶೇಷ. ಪಾಶ್ಚಾತ್ಯ ದೇಶಗಳಲ್ಲಿ ಇಂಥ ಆವಿಗೆ ಇದೇ ಮೊದಲನೆಯದು. ಮೊದಲ ಆವಿಗೆಯು ಚೆನ್ನಾಗಿ ನಡೆಯದಿರಲು, ಮತ್ಸುಬಯಾಶಿ ಎಂಬ ಇನ್ನೊಬ್ಬ ಜಪಾನೀ ತಜ್ಞರು ಬಂದು ಅದನ್ನು ಮೂರು ಕೋಣೆಗಳುಳ್ಳದ್ದಾಗಿ ಮತ್ತೆ ಕಟ್ಟಿಕೊಟ್ಟರು.

ಈ ಶಾಲೆಯ ಆದರ್ಶವು ಉನ್ನತವಾಗಿತ್ತು. ಕಾರ್ಖಾನೆಗಳು ಮನುಷ್ಯನ ಕೈಯನ್ನು ಮರೆಸುತ್ತಿದ್ದ ಆ ಕಾಲದಲ್ಲಿ, ಹೃದಯ, ಬುದ್ಧಿ, ಕೈ ಮೂರೂ ಒಂದಾಗಿ ಮಾಡಿದ ಪಾತ್ರೆಯನ್ನು ಜನರ ಮುಂದಿಡಬೇಕೆಂಬುದು ಲೀಚರ ಹಂಬಲ. ಆದರೆ ಆದರ್ಶಕ್ಕೂ ಅನ್ನಕ್ಕೂ ಹೊಂದಿಕೆಯಾಗಲಿಲ್ಲ. ಮರವಿಲ್ಲದ ನಾಡಿನಲ್ಲಿ ಕಟ್ಟಿಗೆಯನ್ನು ಉರಿಸುವ ಆವಿಗೆ. ಕಲ್ಲಿನಷ್ಟು ಗಟ್ಟಿಯಾಗಿ ಬೇಯುವ ಪಾತ್ರೆಗೆ ತಕ್ಕ ಮಣ್ಣು ಹತ್ತಿರದಲ್ಲಿ ದೊರೆಯದು. ಪ್ರತಿ ಆವಿಗೆಯಲ್ಲಿಯೂ ಎಷ್ಟೋ ಪಾತ್ರೆಗಳು ಸೀಳಿ, ಸೊಟ್ಟಗಾಗಿ, ಅಂಟಿಕೊಂಡು ಹಾಳಾಗುತ್ತಿದ್ದವು. ಒಳ್ಳೆಯವಾಗಿ ಬಂದ ಕೆಲವನ್ನು ಲಂಡನ್ನಿನ ಮತ್ತು ಜಪಾನಿನ ಪ್ರದರ್ಶನಗಳಲ್ಲಿ ರಸಿಕರು ಕೊಳ್ಳುತ್ತಿದ್ದರೇ ಹೊರತು, ನೆರೆಮನೆಯವನ ಅಡುಗೆಯ ಮನೆಗೆ ಅವು ಸೇರುತ್ತಿರಲಿಲ್ಲ. ಸಾಮಾನ್ಯ ಜನರ ಪಾತ್ರೆಗೆ ಮತ್ತೆ ಮರ್ಯಾದೆ ತರಬೇಕೆಂದು ಹೊರಟ ಶಾಲೆಯು ಸಾಮಾನ್ಯ ಜನರಿಗೆ ದೂರವೇ ಉಳಿಯಿತು. ಕಲಿಯಲು ಬರುತ್ತಿದ್ದವರಲ್ಲಿ ಬಹುಮಂದಿ ಅನುಕೂಲಸ್ಥರ ಮಕ್ಕಳು, ಕೆಲಕಾಲವಿದ್ದು ಹೊರಟುಹೋಗುವವರು. ಸಾಲವು ಬೆನ್ನಟ್ಟಿಯೇ ಇತ್ತು.

ಈ ಸಂಕಟದಲ್ಲಿ ಅವರಿಗೆ ನೆರವಾದವರು ಡೆವನ್ ಪ್ರಾಂತದ ಡಾರ್ಟಿಂಗ್ಟನ್ನಿನ ಎಲ್ಮ್‌ಹರ್ಸ್ಟ್ ದಂಪತಿಗಳು. ಇವರಲ್ಲಿ ಲಿಯೊನಾರ್ಡ್ ಎಲ್ಮ್‌ಹರ್ಸ್ಟರು ರವೀಂದ್ರನಾಥ ಠಾಕೂರರ ಶಾಂತಿನಿಕೇತನಕ್ಕೆ ಬಂದು, 1922ರಲ್ಲಿ ಅದರ ಸಮೀಪದಲ್ಲಿ ಗ್ರಾಮೋದ್ಧಾರದ ಕೇಂದ್ರವನ್ನು ಸ್ಥಾಪಿಸಲು ದುಡಿದವರು. ಮುಂದೆ ಶ್ರೀನಿಕೇತನವೆಂದು ಹೆಸರಾದುದು ಆ ಕೇಂದ್ರವೇ. ಹಳ್ಳಿಯ ಕೈಗೆಲಸವು ಉಳಿಯಬೇಕಾದರೆ ಅದು ದುಡಿಯುವವನ ಹೊಟ್ಟೆಯನ್ನು ತುಂಬಿಸಬೇಕು ಎಂಬ ಪಾಠವನ್ನು ವಂಗದೇಶದ ಹಳ್ಳಿಗಳಲ್ಲಿ ಕಣ್ಣಾರೆ ಕಂಡಿದ್ದವರು ಕಾರ್ನ್‌ವಾಲಿನ ಕುಂಬಾರನಿಗೆ ನೆರವಾದುದು ಗಮನಿಸತಕ್ಕ ಸಂಗತಿಯಾಗಿದೆ.

ಅವರ ಸಹಾಯದಿಂದ ಲೀಚರು 1934ರಲ್ಲಿ ಮತ್ತೆ ಜಪಾನಿಗೆ ಪ್ರಯಾಣ ಮಾಡಿದರು. ತಂದೆಯು ದೇಶದಲ್ಲಿಲ್ಲದ ಆ ಕಾಲದಲ್ಲಿ ಅವರ ಹಿರಿಯ ಮಗ ಡೇವಿಡ್ ಲೀಚರು ಒಂದು ನಿರ್ಧಾರವನ್ನು ಕೈಗೊಂಡರು. 1911ರಲ್ಲಿ ಹುಟ್ಟಿ, 1930ರಿಂದ ತಂದೆಯ ಶಾಲೆಯಲ್ಲಿಯೇ ದುಡಿಯುತ್ತಿದ್ದ ಡೇವಿಡರು ಸ್ಟೋಕ್-ಆನ್-ಟ್ರೆಂಟಿನ ಶಿಲ್ಪವಿದ್ಯಾಲಯದಲ್ಲಿ ಪಾತ್ರೆಗಳ ಕಾರ್ಖಾನೆಯನ್ನು ನಡೆಸುವವರಿಗಾಗಿ ಏರ್ಪಡಿಸಿದ್ದ ಶಿಕ್ಷಣಕ್ಕೆ ಸೇರಿದರು. ಸ್ಟೋಕ್ ಎಂದರೆ ಇಂಗ್ಲೆಂಡಿನ ಪಿಂಗಾಣಿ ಕಾರ್ಖಾನೆಗಳ ತವರು. ತಂದೆಯು ಯಾವ ಯಂತ್ರಮಾರ್ಗವನ್ನು ಪ್ರತಿಭಟಿಸಿ ಇಪ್ಪತ್ತು ವರ್ಷಗಳಿಂದ ಬಾಳಿದ್ದರೋ, ಮಗನು ಅದರ ಬಾಗಿಲಿಗೇ ಕಲಿಯಲು ಹೋದಂತಾಯಿತು. ತಂದೆಗೆ ಇದು ಮೊದಲು ರುಚಿಸಲಿಲ್ಲವೆಂಬುದು ಆಶ್ಚರ್ಯವಲ್ಲ.

1937ರಲ್ಲಿ ಡೇವಿಡರು ಸೇಂಟ್ ಐವ್ಸಿಗೆ ಹಿಂದಿರುಗಿದರು. ಆ ವರ್ಷ ಮತ್ತು ಅದರ ಮರುವರ್ಷದಲ್ಲಿ ಆ ಶಾಲೆಯು ಕಂಡ ಬೆಳವಣಿಗೆಯೂ ಬದಲಾವಣೆಯೂ ಅದಕ್ಕೂ ಹಿಂದಿನ ಹದಿನೇಳು ವರ್ಷಗಳಲ್ಲಿ ಆಗಿರಲಿಲ್ಲ. ಕಟ್ಟಿಗೆಯ ಆವಿಗೆಗೆ ಎಣ್ಣೆಯ ಉರಿಯನ್ನು ಹೂಡಲಾಯಿತು. ಮಣ್ಣನ್ನು ಹದಗೊಳಿಸುವ ದಣಿವಿನ ಕೆಲಸಕ್ಕೆ ಯಂತ್ರವು ಬಂದಿತು. ಮೆದುವಾಗಿ ಬೇಯುವ ಮಣ್ಣಿನ ಪಾತ್ರೆಗಳನ್ನು ಬಿಟ್ಟು, 1250 ಡಿಗ್ರಿ ಸೆಂಟಿಗ್ರೇಡಿಗೂ ಮೇಲ್ಪಟ್ಟ ಕಾವಿನಲ್ಲಿ ಬೆಂದು ನೀರು ಹೀರದಂತೆ ಗಟ್ಟಿಯಾಗುವ ಪಾತ್ರೆಗಳನ್ನೇ ನಿತ್ಯಬಳಕೆಗಾಗಿ ಮಾಡತೊಡಗಿದರು. ಸಾರಿನ ಬಟ್ಟಲು, ತಟ್ಟೆ, ಹೂಜಿ, ಮುಚ್ಚಳದ ಪಾತ್ರೆ ಹೀಗೆ ಕೆಲವೇ ಆಕಾರಗಳನ್ನು ಗೊತ್ತುಮಾಡಿ, ಕೆಲವೇ ಬಣ್ಣಗಳ ಮೆರುಗು ಕೊಟ್ಟು, ಅವುಗಳ ಪಟ್ಟಿಯನ್ನು ಅಚ್ಚುಹಾಕಿಸಿ ಅಂಚೆಯ ಮೂಲಕವೂ ಮಾರಿದರು. ಬಂದುಹೋಗುವ ಕಲಾವಿದ್ಯಾರ್ಥಿಗಳ ಜತೆಗೆ ಊರಿನ ಹುಡುಗರನ್ನೇ ಸಂಬಳಕೊಟ್ಟು ಕಲಿಕೆಗೆ ಇಟ್ಟುಕೊಂಡರು. 1938ರಲ್ಲಿ ಹೀಗೆ ಸೇರಿದ ವಿಲಿಯಂ ಮಾರ್ಷಲ್ ಎಂಬ ಹುಡುಗನು ಸುಮಾರು ನಾಲ್ವತ್ತು ವರ್ಷ ಅಲ್ಲಿ ದುಡಿದು, ಆ ಶಾಲೆಯ ಬೆನ್ನೆಲುಬೇ ಆದನು. ಒಂದು ಮಾತ್ರ ಬದಲಾಗಲಿಲ್ಲ. ಪಾತ್ರೆಯನ್ನು ತಿಗರಿಯ ಮೇಲೆ ಎತ್ತುವುದು ಕೈಯಿಂದಲೇ. ತಿಗರಿ ತಿರುಗುವುದು ಕಾಲಿನ ಬಲದಿಂದಲೇ.

ಈಗ ವಿಚಾರಕ್ಕೆ ಬರಬಹುದು. ಈ ಮಗನು ತಂದೆಯ ಕಾಯಕವನ್ನು ಕೆಡಿಸಿದನೋ, ಉಳಿಸಿದನೋ?

ಮೊದಲು ಕಟ್ಟಿಗೆಯನ್ನು ಪರೀಕ್ಷಿಸಬೇಕು. ಕಟ್ಟಿಗೆಯು ಮಡಕೆಗೆ ಕಾರಣವೇ, ಕತ್ತೆಯೇ? ಬೇಯುವುದಕ್ಕೆ ಬೇಕಾದುದು ತಾಪ. ತಾಪವನ್ನು ಹೊತ್ತು ತರುವ ವಾಹನ ಕಟ್ಟಿಗೆ. ವಾಹನವು ಬದಲಾದರೆ ದೋಷವಿಲ್ಲ ಎಂದು ಒಬ್ಬನು ಹೇಳಬಹುದು. ಆದರೆ ಈ ಉತ್ತರವು ಅವಸರದ್ದು. ಕಟ್ಟಿಗೆಯ ಉರಿಯಲ್ಲಿ ಬೂದಿಯೂ ಹಾರುತ್ತದೆ. ಆ ಬೂದಿಯು ಪಾತ್ರೆಯ ಹೆಗಲ ಮೇಲೆ ಬಿದ್ದು, ಕರಗಿ, ಯಾರೂ ಬರೆಯಲಾರದ ಬಣ್ಣವನ್ನು ಬರೆಯುತ್ತದೆ. ಎಣ್ಣೆಯ ಉರಿಗೆ ಆ ಗುಣವಿಲ್ಲ. ಹಾಗಾದರೆ ಕಟ್ಟಿಗೆಯನ್ನು ಬಿಟ್ಟಾಗ ಏನೂ ನಷ್ಟವಾಗಲಿಲ್ಲವೆಂದು ಹೇಳುವುದು ಸತ್ಯವಾಗದು. ಇಲ್ಲಿ ನ್ಯಾಯಶಾಸ್ತ್ರದ ಇನ್ನೊಂದು ಸೂಕ್ಷ್ಮವು ಕೈಹಿಡಿಯುತ್ತದೆ: ಯಾವುದೂ ತಾನೇ ತಾನಾಗಿ ಕಾರಣವಲ್ಲ, ಯಾವ ಕಾರ್ಯಕ್ಕೆ ಎಂಬುದನ್ನು ಹೇಳಿದ ಮೇಲೆಯೇ ಅದು ಕಾರಣವೋ ಅಲ್ಲವೋ ಎಂಬುದು ನಿಶ್ಚಯವಾಗುತ್ತದೆ. ಬೂದಿಯ ಬಣ್ಣವುಳ್ಳ ಹೂಜಿಗೆ ಕಟ್ಟಿಗೆಯು ಕಾರಣವೇ ಸರಿ. ಬಡವನ ಮನೆಯಲ್ಲಿ ನಿತ್ಯವೂ ಸಾರು ತುಂಬುವ ಬಟ್ಟಲಿಗೆ ಅದು ಕಾರಣವಲ್ಲ. ಆದುದರಿಂದ ಮಾರ್ಪಾಟು ಸಲ್ಲುವುದೋ ಸಲ್ಲದೋ ಎಂದು ಕೇಳುವುದಕ್ಕೆ ಮೊದಲು, ಈ ಕಾಯಕದ ಫಲವು ಯಾವುದು, ಅದು ಯಾರಿಗಾಗಿ ಎಂದು ಕೇಳಬೇಕು. ಸಾಮಾನ್ಯ ಜನರ ಬಳಕೆಗಾಗಿ ಎಂದು ಬಾಯಲ್ಲಿ ಹೇಳುತ್ತ, ಸಾಮಾನ್ಯರು ಕೊಳ್ಳಲಾಗದ ವಸ್ತುವನ್ನು ಮಾಡುತ್ತಿದ್ದ ವಿರೋಧವನ್ನು ಡೇವಿಡರ ಮಾರ್ಪಾಟು ಬಹುಮಟ್ಟಿಗೆ ನೀಗಿತು. ನುಡಿ ಒಂದು ದಾರಿ, ನಡೆ ಇನ್ನೊಂದು ದಾರಿ ಆಗಿದ್ದ ಕಡೆಯಲ್ಲಿ ನಡೆಯನ್ನು ನುಡಿಯ ಹತ್ತಿರಕ್ಕೆ ತಂದುದನ್ನು ಕಾಯಕದ್ರೋಹವೆಂದು ಕರೆಯಲಾಗದು.

ಇದರ ಮುಂದಿನ ಕಥೆಯೂ ಹಿತಕರವಾಗಿದೆ. ಡೇವಿಡರ ಮೂವರು ಮಕ್ಕಳೂ ಕುಂಬಾರರಾದರು. ಅವರಲ್ಲಿ ಹಿರಿಯರಾದ ಜಾನ್ ಲೀಚರು ಸಾಮರ್‌ಸೆಟ್ ಪ್ರಾಂತದ ಮಚೆಲ್ನಿ ಎಂಬ ಹಳ್ಳಿಯಲ್ಲಿ ನೆಲೆಸಿ, ಕಟ್ಟಿಗೆಯ ಆವಿಗೆಯಲ್ಲಿ ಬೇಯಿಸಿದ ಅಡುಗೆಯ ಪಾತ್ರೆಗಳಿಗಾಗಿಯೇ ಹೆಸರಾದರು. ತಂದೆ ಬಿಡಿಸಿದುದನ್ನು ಮಗ ಹಿಡಿದನು. ತಂದೆಯ ನಿರ್ಣಯ ತಪ್ಪೆಂದು ಇದರ ಅರ್ಥವಲ್ಲ. ತಾನು ಮಾಡಬೇಕೆಂದಿರುವ ಪಾತ್ರೆಗೆ ಯಾವ ಉರಿ ಬೇಕೆಂಬುದನ್ನು ಇಬ್ಬರೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತು ವಿಚಾರಿಸಿದರು ಎಂದಷ್ಟೇ ಅರ್ಥ. ಕಟ್ಟಿಗೆಯೇ ಪವಿತ್ರವೆಂಬುದೂ ಎಣ್ಣೆಯೇ ಪ್ರಗತಿಯೆಂಬುದೂ ಸಮಾನವಾಗಿ ಅವಿಚಾರದ ಮಾತುಗಳು.

ಎರಡನೆಯದಾಗಿ ತಂದೆಯ ವಿಷಯ. ಕುಂಬಾರನ ತಂದೆಯು ಮಡಕೆಗೆ ಕಾರಣನಲ್ಲವೆಂದು ಶಾಸ್ತ್ರವು ಹೇಳುತ್ತದೆ ಎಂದೊಡನೆ ಪಿತೃಭಕ್ತಿಯುಳ್ಳವರಿಗೆ ನೋವಾಗಬಹುದು. ಆದರೆ ವಿಶ್ವನಾಥರು ತಮ್ಮ ಗ್ರಂಥಕ್ಕೆ ತಾವೇ ಬರೆದ ‘ಮುಕ್ತಾವಳಿ’ ವ್ಯಾಖ್ಯಾನದಲ್ಲಿ ಅಲ್ಲಿಗೇ ನಿಲ್ಲಿಸುವುದಿಲ್ಲ. ತಂದೆಯೆಂಬ ರೂಪದಲ್ಲಿ ಅವನು ಅನ್ಯಥಾಸಿದ್ಧ. ಆದರೆ ಅವನೂ ಕುಂಬಾರನಾಗಿದ್ದರೆ, ಕುಂಬಾರನೆಂಬ ರೂಪದಲ್ಲಿ ಅವನು ಕಾರಣನೇ ಎಂದು ಒಪ್ಪುತ್ತಾರೆ. ಈ ಒಂದು ಮಾತಿನಲ್ಲಿ ಗೃಹಸ್ಥರು ಕಲಿಯಬೇಕಾದ ದೊಡ್ಡ ಪಾಠವಿದೆ. ಕಾಯಕದ ಕ್ಷೇತ್ರದಲ್ಲಿ ಹಿರಿಯನ ಮಾತಿಗೆ ತೂಕವಿರುವುದು ಅವನು ಹಡೆದವನೆಂಬ ಕಾರಣದಿಂದಲ್ಲ, ಆ ಕಾಯಕವನ್ನು ಬಲ್ಲವನೆಂಬ ಕಾರಣದಿಂದ. ಮನೆಯಲ್ಲಿ ತಂದೆಗೆ ಸಲ್ಲುವ ಗೌರವವು ಎಂದಿಗೂ ಕುಂದಬಾರದು. ಆದರೆ ಆವಿಗೆಯ ಮುಂದೆ ನಿಂತಾಗ ಮಣ್ಣು, ಬೆಂಕಿಗಳ ಧರ್ಮವೇ ಇಬ್ಬರಿಗೂ ಪ್ರಮಾಣ.

ಬರ್ನಾರ್ಡ್ ಲೀಚರ ಹಿರಿತನವು ಇಲ್ಲಿಯೇ ತೋರುತ್ತದೆ. ಮಗನು ತನ್ನ ಇಷ್ಟಕ್ಕೆ ವಿರುದ್ಧವಾದ ದಾರಿಯಲ್ಲಿ ಕಲಿತು ಬಂದನೆಂದು ಅವರು ಬಾಗಿಲು ಹಾಕಲಿಲ್ಲ. ಶಾಲೆಯನ್ನು ನಡೆಸುವ ಹೊಣೆಯನ್ನು ಅವನ ಕೈಗೆ ಕೊಟ್ಟು, ಪಾತ್ರೆಗಳ ಆಕಾರವನ್ನು ಚಿಂತಿಸುವುದರಲ್ಲಿ ತಾವು ನಿರತರಾದರು. ತಮ್ಮ ಅನುಭವವನ್ನೆಲ್ಲ ಕೂಡಿಸಿ ಬರೆದ ‘ಎ ಪಾಟರ್ಸ್ ಬುಕ್’ ಎಂಬ ಗ್ರಂಥವನ್ನು 1940ರಲ್ಲಿ ಹೊರತಂದರು. ಮುಂದೆ ಹಲವು ದೇಶಗಳ ಕುಂಬಾರರು ಈ ಗ್ರಂಥವನ್ನು ಕೈಪಿಡಿಯಾಗಿ ಇಟ್ಟುಕೊಂಡರು. ಮಗನಾದರೂ ತಂದೆಯ ತತ್ತ್ವವನ್ನು ಹಳಿದು ಹೊಸ ಕಾರ್ಖಾನೆಯನ್ನು ಹೂಡಲಿಲ್ಲ. ಕಾರ್ಖಾನೆಯವರಿಂದ ಮಣ್ಣಿನ ಗುಣ, ಕಾವಿನ ಲೆಕ್ಕ, ಖರ್ಚಿನ ಲೆಕ್ಕ ಇಷ್ಟನ್ನು ತಂದನು. ಅಚ್ಚಿನಲ್ಲಿ ಎರೆಯುವ ಅವರ ಕ್ರಮವನ್ನು ಅಲ್ಲಿಯೇ ಬಿಟ್ಟುಬಂದನು. ಪರರ ಮನೆಯಿಂದ ಯಾವುದನ್ನು ತರಬೇಕು, ಯಾವುದನ್ನು ಬಿಟ್ಟುಬರಬೇಕು ಎಂಬುದನ್ನು ಅರಿತವನೇ ಕಲಿತವನು.

ಮೂರನೆಯದು ದುಡಿಯುವ ಹುಡುಗನ ವಿಷಯ; ಎಲ್ಲಕ್ಕಿಂತ ಕಠಿನವಾದುದು ಇದೇ. ದಿನವೂ ಅದೇ ಬಟ್ಟಲನ್ನು ನೂರು ಸಲ ಮಾಡುವವನ ಸ್ಥಿತಿಯೇನು? ಯಂತ್ರವು ಮಾಡುವುದೂ ಅದನ್ನೇ ಅಲ್ಲವೇ? ಇದಕ್ಕೆ ಒಂದು ಉತ್ತರವನ್ನು ಭಾವುಕರು ಸುಲಭವಾಗಿ ಕೊಡುತ್ತಾರೆ: ಅದು ಜಪದಂತೆ, ಜಪದಲ್ಲಿಯೂ ಅದೇ ಮಂತ್ರ, ಆದರೂ ಜಪಿಸುವವನ ಚಿತ್ತ ಶುದ್ಧವಾಗುತ್ತ ಹೋಗುತ್ತದೆ ಎಂದು. ಈ ಮಾತಿನಲ್ಲಿ ನಿಜಾಂಶವಿಲ್ಲದೆ ಇಲ್ಲ. ಹತ್ತನೆಯ ಬಟ್ಟಲಿನಲ್ಲಿ ಕಾಣದ ಸರಳತೆಯು ಸಾವಿರದ ಬಟ್ಟಲಿನಲ್ಲಿ ತಾನಾಗಿ ಬರುತ್ತದೆಂಬುದನ್ನು ಯಾವ ಕುಶಲಿಯೂ ಒಪ್ಪುವನು. ಕೈಯು ತಾನು ಮಾಡುವುದನ್ನು ಮರೆಯುವಷ್ಟು ಅಭ್ಯಾಸವಾದಾಗ ಆಡಂಬರವು ಕಳಚಿಬೀಳುತ್ತದೆ. ಆದರೆ ಜಪವೆಂದು ಹೇಳುತ್ತಿರುವವನು ಯಾರು ಎಂಬುದನ್ನು ನೋಡಬೇಕು. ತಿಗರಿಯ ಮುಂದೆ ಕುಳಿತವನೇ ಅದನ್ನು ಜಪವೆಂದರೆ ಅದು ಅನುಭಾವ. ಅವನ ದುಡಿಮೆಯಿಂದ ಲಾಭ ಪಡೆಯುವವನು ಹಾಗೆಂದರೆ ಅದು ಸಂಬಳವನ್ನು ಕಡಿಮೆಮಾಡುವ ಉಪಾಯವಾಗಬಹುದು. ತಕ್ಕ ಕೂಲಿ, ತಕ್ಕ ವಿಶ್ರಾಂತಿ, ಕಲಿತು ಮೇಲೇರುವ ಅವಕಾಶ ಇವುಗಳನ್ನು ಕೊಟ್ಟ ಮೇಲೆಯೇ ಕಾಯಕದ ಮಹಿಮೆಯನ್ನು ಆಳಿಗೆ ಬೋಧಿಸುವ ಅಧಿಕಾರವು ಒಡೆಯನಿಗೆ ಬರುತ್ತದೆ. ಮನೆಯಲ್ಲಿ ಆಳುಕಾಳುಗಳನ್ನು ಇಟ್ಟುಕೊಂಡಿರುವ ಸದ್ಭಕ್ತರು ಈ ಮಾತನ್ನು ತಮ್ಮ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ಇದಕ್ಕೆ ಸೇರಿದುದೇ ಹೆಸರಿನ ಪ್ರಶ್ನೆ. ನಿತ್ಯಬಳಕೆಯ ಆ ಪಾತ್ರೆಗಳ ಮೇಲೆ ಮಾಡಿದವನ ಗುರುತು ಇರುತ್ತಿರಲಿಲ್ಲ. ಶಾಲೆಯ ಮುದ್ರೆ ಮಾತ್ರ ಇರುತ್ತಿತ್ತು. ಹಲವು ಕೈಗಳು ಸೇರಿ ಮಾಡಿದ ವಸ್ತುವಿಗೆ ಒಬ್ಬನ ಹೆಸರೇಕೆ ಎಂಬ ಭಾವನೆ ಅದರಲ್ಲಿತ್ತು. ಶರಣರೂ ತಮ್ಮ ವಚನಗಳಿಗೆ ತಮ್ಮ ಹೆಸರನ್ನು ಹಾಕಿಕೊಳ್ಳದೆ ಇಷ್ಟದೈವದ ಅಂಕಿತವನ್ನೇ ಇಟ್ಟರಷ್ಟೆ. ಹೆಸರನ್ನು ಅಳಿಸಿಕೊಳ್ಳುವುದು ಅಹಂಕಾರವನ್ನು ಅಳಿಸಿಕೊಳ್ಳುವ ದಾರಿಗಳಲ್ಲಿ ಒಂದು. ಆದರೆ ಅದೇ ಶಾಲೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಬರ್ನಾರ್ಡ್ ಲೀಚರು ರೇಖೆಯಲ್ಲಿ ಬರೆದುಕೊಟ್ಟ ದೊಡ್ಡ ಪಾತ್ರೆಗಳನ್ನು ಮಾರ್ಷಲರು ತಿಗರಿಯ ಮೇಲೆ ಎತ್ತಿಕೊಡುತ್ತಿದ್ದರು. ಲೀಚರು ಅವುಗಳಿಗೆ ಅಲಂಕಾರ ಮಾಡಿ ಪೂರೈಸುತ್ತಿದ್ದರು. ಅವು ಲೀಚರ ಪಾತ್ರೆಗಳೆಂದೇ ಲೋಕದಲ್ಲಿ ಪ್ರಸಿದ್ಧವಾದವು. ಎಲ್ಲರೂ ಹೆಸರಿಲ್ಲದವರಾದಾಗ ಅದು ಸಮತೆ. ಒಬ್ಬನಿಗೆ ಹೆಸರುಳಿದು ಇನ್ನೊಬ್ಬನು ಮರೆಯಾದಾಗ ಅದೇ ಮಾತನ್ನು ಹೇಳಲಾದೀತೇ? ಮಾರ್ಷಲರು ಮುಂದೆ ಸ್ವಂತ ಹೆಸರಿನಿಂದಲೂ ಉತ್ತಮ ಕುಂಬಾರರೆಂದು ಮನ್ನಣೆ ಪಡೆದರೆಂಬುದು ಸಮಾಧಾನದ ಸಂಗತಿ. ಆದರೂ ತತ್ತ್ವವನ್ನು ಮಾತ್ರ ಮರೆಯಬಾರದು: ಹೆಸರನ್ನು ತಾನೇ ಬಿಡುವುದು ತ್ಯಾಗ, ಇನ್ನೊಬ್ಬನ ಹೆಸರನ್ನು ಬಿಡಿಸುವುದು ತ್ಯಾಗವಲ್ಲ. ಕರ್ತೃವು ಇಬ್ಬರಾಗಿರುವಲ್ಲಿ ಒಬ್ಬನನ್ನು ಅನ್ಯಥಾಸಿದ್ಧನಂತೆ ಕಾಣುವುದು ತರ್ಕಕ್ಕೂ ಧರ್ಮಕ್ಕೂ ಸಲ್ಲದು.

ಕೊನೆಯದು ಬೆಳವಣಿಗೆಯ ಮಿತಿ. ಕಾಯಕವು ಬೆಳೆದಾಗ ಎಲ್ಲಿಗೆ ನಿಲ್ಲಬೇಕು? ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯು ಎಲ್ಲರ ನೆನಪಿಗೆ ಬರುತ್ತದೆ. ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಮಹಾತಾಯಿಯು ಹೆಚ್ಚಾದುದನ್ನು ಅಲ್ಲಿಯೇ ಸುರಿದುಬರಲು ಕಳುಹಿಸಿದಳು. ಈ ಕಥೆಯನ್ನು ಕೇಳಿ, ಕಾಯಕವು ಬೆಳೆಯಲೇಬಾರದೆಂದು ಕೆಲವರು ಅರ್ಥಮಾಡುತ್ತಾರೆ. ಅದು ಪೂರ್ತಿ ಸರಿಯಲ್ಲ. ಲಕ್ಕಮ್ಮ ತಡೆದುದು ದುಡಿಮೆಯನ್ನಲ್ಲ, ಅಗತ್ಯವನ್ನು ಮೀರಿದ ಆಸೆಯನ್ನು. ಅಗತ್ಯವೆಷ್ಟು ಎಂಬುದು ಗೊತ್ತಾಗಬೇಕಾದರೆ ಆ ದುಡಿಮೆಯನ್ನು ನಂಬಿದವರು ಎಷ್ಟು ಮಂದಿ ಎಂಬುದನ್ನು ಎಣಿಸಬೇಕು. ಸಾಲ ತೀರಿಸುವುದಕ್ಕೂ ಹುಡುಗರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡುವುದಕ್ಕೂ ಹೆಚ್ಚು ಪಾತ್ರೆ ಮಾಡಿದವನು ಲಕ್ಕಮ್ಮನ ಅಳತೆಯನ್ನು ಮೀರಿದವನಲ್ಲ. ಯುದ್ಧಾನಂತರದಲ್ಲಿ ಆ ಶಾಲೆಗೆ ಬೇಡಿಕೆ ಬಹಳವಾಗಿ ಬಂದಾಗಲೂ ಅದು ಹತ್ತು ಹನ್ನೆರಡು ಮಂದಿ ಒಟ್ಟಿಗೆ ಕುಳಿತು ದುಡಿಯುವ ಮನೆಯಾಗಿಯೇ ಉಳಿಯಿತೇ ಹೊರತು ಕಾರ್ಖಾನೆಯಾಗಲಿಲ್ಲ. ಒಬ್ಬರ ಕೈಯನ್ನು ಇನ್ನೊಬ್ಬರು ಕಾಣಲಾಗದಷ್ಟು ದೊಡ್ಡದಾದಾಗ ಕಾಯಕದ ಮನೆಯು ಕಾಯಕದ ಮನೆಯಾಗಿ ಉಳಿಯುವುದು ಕಷ್ಟ.

ಹೀಗೆ ಮಾರ್ಪಟ್ಟುದೂ ಶಾಶ್ವತವಾಗಿ ನಿಲ್ಲಲಿಲ್ಲ. 1941ರ ಜನವರಿಯಲ್ಲಿ ಶತ್ರುವಿಮಾನವು ಹಾಕಿದ ಸಿಡಿಗುಂಡಿನಿಂದ ಆ ಶಾಲೆಗೆ ಬಹಳ ಹಾನಿಯಾಯಿತು. ಅದನ್ನು ಸರಿಪಡಿಸಿ ಮತ್ತೆ ತಿಗರಿ ತಿರುಗಿಸಿದರು. 1955ರಲ್ಲಿ ಡೇವಿಡರು ಶಾಲೆಯನ್ನು ಬಿಟ್ಟು ಡೆವನ್ನಿನಲ್ಲಿ ಸ್ವಂತ ಆವಿಗೆಯನ್ನು ಕಟ್ಟಿಕೊಂಡರು. 1979ರಲ್ಲಿ ಬರ್ನಾರ್ಡ್ ಲೀಚರು ತೀರಿಕೊಂಡರು. ಅಲ್ಲಿಂದ ಅವರ ಪತ್ನಿ ಜ್ಯಾನೆಟ್ ಲೀಚರು, ತಾವೂ ನುರಿತ ಕುಂಬಾರರಾಗಿದ್ದವರು, ನಿತ್ಯಬಳಕೆಯ ಪಾತ್ರೆಗಳ ತಯಾರಿಕೆಯನ್ನು ನಿಲ್ಲಿಸಿದರು. 1997ರಲ್ಲಿ ಅವರೂ ಗತಿಸಿದರು. ಹಳೆಯ ಕಟ್ಟಡಗಳನ್ನು ಜೀರ್ಣೋದ್ಧಾರ ಮಾಡಿ, 2008ರಲ್ಲಿ ಅದನ್ನು ವಸ್ತುಸಂಗ್ರಹಾಲಯವಾಗಿಯೂ ದುಡಿಯುವ ಶಾಲೆಯಾಗಿಯೂ ಮತ್ತೆ ತೆರೆಯಲಾಯಿತು. ಮೆಟ್ಟಿಲು ಮೆಟ್ಟಿಲಾದ ಆ ಹಳೆಯ ಆವಿಗೆ ಈಗ ಉರಿಯುವುದಿಲ್ಲ. ನೋಡುವವರಿಗಾಗಿ ಅದನ್ನು ಕಾಪಾಡಿದ್ದಾರೆ. ಆದರೆ ಪಕ್ಕದ ಕೋಣೆಯಲ್ಲಿ ಹೊಸ ಹುಡುಗರೂ ಹುಡುಗಿಯರೂ ಕುಳಿತು ಊಟದ ಬಟ್ಟಲು, ತಟ್ಟೆಗಳನ್ನು ಕೈಯಿಂದಲೇ ಮಾಡುವುದನ್ನು ಕಲಿತಿದ್ದಾರೆ.

ಆ ಶಾಲೆಯಲ್ಲಿ ಉರಿ ಬದಲಾಯಿತು, ಮಣ್ಣು ಬದಲಾಯಿತು, ಯಜಮಾನರು ಬದಲಾದರು. ತರ್ಕದ ಲೆಕ್ಕದಲ್ಲಿ ಸಮವಾಯಿಯೂ ನಿಮಿತ್ತವೂ ಎರಡೂ ಬದಲಾದ ಮೇಲೆ ಅದೇ ಕಾಯಕವೆಂದು ಹೇಳುವುದಕ್ಕೆ ಉಳಿದುದಾದರೂ ಏನು? ಯಾರಿಗಾಗಿ ಮಾಡುವುದು ಎಂಬ ಉದ್ದೇಶವೂ, ತಾನೇ ಕೈಯಿಟ್ಟು ಮಾಡುವುದು ಎಂಬ ನಿಷ್ಠೆಯೂ, ಕಲಿತುದನ್ನು ಇನ್ನೊಬ್ಬನಿಗೆ ಕಲಿಸುವುದು ಎಂಬ ಋಣವೂ ಉಳಿದವು. ನಡುವೆ ಈ ಮೂರರಲ್ಲಿ ಒಂದು ಸಡಿಲಿದಾಗ ಕಾಯಕವೂ ಸಡಿಲಿತು. ಅದು ಮತ್ತೆ ಕೂಡಿಬಂದಾಗ ಕಾಯಕವೂ ಎದ್ದಿತು. ಶಾಸ್ತ್ರವು ಘಟದ ಕಾರಣಗಳನ್ನು ಹೇಳುತ್ತದೆ. ಕಾಯಕದ ಕಾರಣಗಳನ್ನು ಮನುಷ್ಯನು ತನ್ನ ನಡೆಯಲ್ಲಿ ಕಂಡುಕೊಳ್ಳಬೇಕು.

ಆದುದರಿಂದ ಮನೆಯ ಮಗನು ಹೊಸ ಯಂತ್ರದ ಮಾತನ್ನೆತ್ತಿದಾಗ ಹಿರಿಯರು ಒಮ್ಮೆಗೇ ಸಿಟ್ಟಾಗಲೂಬಾರದು, ಒಮ್ಮೆಗೇ ತಲೆದೂಗಲೂಬಾರದು. ಇದರಿಂದ ಬಳಸುವವನಿಗೆ ವಸ್ತುವು ಇನ್ನೂ ಒಳ್ಳೆಯದಾಗಿ, ಕೈಗೆಟಕುವಂತೆ ದೊರೆಯುವುದೇ? ಕೈಯ ದಣಿವು ಮಾತ್ರ ಹೋಗುವುದೋ, ಕೈಯ ಅರಿವೂ ಹೋಗುವುದೋ? ಜತೆಗೆ ದುಡಿಯುವವರ ಪಾಲು ಹೆಚ್ಚುವುದೋ, ಅವರೇ ಮನೆಗೆ ಹೋಗಬೇಕಾಗುವುದೋ? ಬಂದ ಹೆಚ್ಚಳದಲ್ಲಿ ದಾಸೋಹಕ್ಕೆ ಭಾಗವಿರುವುದೇ? ಹೀಗೆ ನಾಲ್ಕು ಮಾತುಗಳನ್ನು ಮಗನ ಜತೆಗೆ ಕುಳಿತು ಕೇಳಬೇಕು. ಮಗನಾದವನೂ ಈ ಪ್ರಶ್ನೆಗಳನ್ನು ಮುದುಕರ ಗೊಣಗೆಂದು ತಳ್ಳದೆ, ಬಲ್ಲ ಕಾಯಕಿಯ ಮಾತೆಂದು ಕಿವಿಗೊಟ್ಟು ಕೇಳಿ, ಲೆಕ್ಕವಿಟ್ಟು ಉತ್ತರ ಹೇಳಬೇಕು. ಉತ್ತರವು ನೇರವಾಗಿ ಬಂದರೆ ಗಾಣವು ನಿಂತರೂ ಚಿಂತೆಯಿಲ್ಲ. ಬಾರದಿದ್ದರೆ ಯಂತ್ರವು ಬಾಗಿಲಿಗೆ ಬಂದು ನಿಂತಿದ್ದರೂ ಅದನ್ನು ಹಿಂದಕ್ಕೆ ಕಳುಹಿಸುವ ಧೈರ್ಯವು ಮನೆಯವರಿಗೆ ಇರತಕ್ಕದ್ದು.